‘ಉಂಟು’ ಎಂದರೆ ತಪ್ಪುಂಟೆ?

ನಮ್ಮ ಕಾಸರಗೋಡಿನಲ್ಲಿ ‘ಹಸಿವುಂಟು’, ‘ನಾಳೆ ಶಾಲೆ ಉಂಟು’ ಎನ್ನುತ್ತೇವೆ. ಘಟ್ಟದ ಮೇಲಿನ ನೆಂಟರು ಕೇಳಿ ನಕ್ಕರೆ ನಮ್ಮ ಮಕ್ಕಳು ನಾಚಿ ಸುಮ್ಮನಾಗುವುದೂ ಉಂಟು. ಆದರೆ ನಗುವವರೂ ಅಚ್ಚರಿಯಾದಾಗ ‘ಹಾಗೂ ಉಂಟೇ?’ ಎನ್ನುವುದಿಲ್ಲವೆ?

‘ಉಂಟು’ ಒಂದು ವಿಚಿತ್ರ ಕ್ರಿಯಾಪದ. ಲಿಂಗ, ವಚನಗಳಿಗೆ ತಕ್ಕಂತೆ ಅದು ಬದಲಾಗದು. ಅದಕ್ಕೆ ಭೂತಕಾಲವಿಲ್ಲ, ‘ನಿನ್ನೆ ಶಾಲೆ ಇತ್ತು’ ಎಂದು ‘ಇರು’ ಧಾತುವಿನಿಂದ ಸಾಲ ತರಬೇಕು. ಇದು ಕೊರತೆಯಲ್ಲ. ಪ್ರಾಚೀನ ರೋಮಿನ ಲ್ಯಾಟಿನ್ ಭಾಷೆಯಲ್ಲೂ ‘ಇದ್ದೇನೆ’ ಎನ್ನಲು ‘ಸುಮ್’, ‘ಇದ್ದೆನು’ ಎನ್ನಲು ‘ಫುಯಿ’. ಎರಡರ ಮೂಲವೂ ಬೇರೆ. ‘ನನಗೆ ಪುಸ್ತಕ ಉಂಟು’ ಎಂಬುದನ್ನು ಅವರೂ ‘ಮಿಹಿ ಲಿಬೆರ್ ಎಸ್ತ್’ ಎಂದು ಚತುರ್ಥಿಯಲ್ಲೇ ಹೇಳುತ್ತಿದ್ದರು.

ತುಳುವಿನ ‘ಉಂಡು’, ಮಲೆಯಾಳದ ‘ಉಂಡ್’ ನಮ್ಮ ‘ಉಂಟು’ವಿನ ಒಡಹುಟ್ಟುಗಳು. 1956ರ ನವೆಂಬರ್ 1ರಂದು ನಮ್ಮ ನಾಡು ಕೇರಳಕ್ಕೆ ಸೇರಿತು. ಆದರೂ ಕನ್ನಡ ನಮ್ಮ ಮನೆಗಳಲ್ಲಿ ಉಳಿದಿರುವುದು ಇಂಥ ಮಾತುಗಳಿಂದಲೇ. ಮನೆಮಾತನ್ನೇ ತಪ್ಪೆಂದರೆ ಮಗು ಕನ್ನಡವನ್ನೇ ಬಿಟ್ಟೀತು.

ಪರೀಕ್ಷೆಗೆ, ಪತ್ರಕ್ಕೆ ‘ಇದೆ’ಯನ್ನು ಕಲಿಯೋಣ. ಹೆತ್ತವರೇ, ಅದಕ್ಕಾಗಿ ‘ಉಂಟು’ವನ್ನು ಬಿಡಿಸುವುದು ಬೇಡ. ಎರಡಕ್ಕೂ ನಮ್ಮಲ್ಲಿ ಜಾಗ ಉಂಟು.