ಬಿಚ್ಚುವ ಮೊದಲು ಕಿವಿಗೊಡಿ

ಟ್ರಕ್ಕಿನ ಅಡಿಯಿಂದ ಅಪರಿಚಿತವಾದ ಸದ್ದೊಂದು ಕೇಳಿಬಂದರೆ ಕೂಡಲೇ ಅದನ್ನು ಜಾಕಿನ ಮೇಲೇರಿಸಿ ಡಿಫರೆನ್ಷಿಯಲನ್ನು ಬಿಚ್ಚುವುದು ಅನೇಕ ಗ್ಯಾರೇಜುಗಳ ರೂಢಿ. ಈ ರೂಢಿ ಅವೈಜ್ಞಾನಿಕವೆಂದೂ, ಮಾಲೀಕನ ಹಣಕ್ಕೂ ಯಂತ್ರದ ಆಯುಸ್ಸಿಗೂ ಕೇಡೆಂದೂ ನಾವು ಭಾವಿಸುತ್ತೇವೆ. ನಾವು ಬಲ್ಲ ಒಂದು ಟ್ರಕ್ಕಿನಲ್ಲಿ ಹೀಗೆ ಕ್ರೌನ್ ಮತ್ತು ಪಿನಿಯನ್ ಗೇರುಗಳನ್ನು ಬದಲಿಸಿದ ಮೇಲೂ ಸದ್ದು ಹಾಗೆಯೇ ಉಳಿಯಿತು. ಅದು ಕೆಸರಿಗಾಗಿ ತೊಡಿಸಿದ್ದ ಒರಟು ಟೈರುಗಳ ಮೊರೆತ! ರಸ್ತೆ ಬದಲಾದಾಗ ಸದ್ದೂ ಬದಲಾಗುತ್ತದೆಯೆ, ಆಕ್ಸಿಲರೇಟರನ್ನು ಬಿಟ್ಟಾಗಲೂ ಒಂದೇ ಸಮನಾಗಿರುತ್ತದೆಯೆ ಎಂದು ಒಮ್ಮೆ ಗಮನಿಸಿದ್ದರೆ ಸಾಕಾಗಿತ್ತು.

ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ವಾಹನದಲ್ಲಿ ಸಂದೇಹಕ್ಕೆ ಎಡೆ ಹೆಚ್ಚು. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸು, ಅದರಿಂದ ಮುಂದಕ್ಕೂ ಹಿಂದಕ್ಕೂ ಒಂದೊಂದು ಪ್ರೊಪೆಲ್ಲರ್ ಷಾಫ್ಟು, ಎರಡು ಆಕ್ಸಲುಗಳು. ಎಲ್ಲವೂ ಒಂದೇ ಉಕ್ಕಿನ ಚೌಕಟ್ಟಿಗೆ ಹೊಂದಿಕೊಂಡಿರುವುದರಿಂದ ಹಿಂದಿನ ಸದ್ದು ಮುಂದೆ ಕೇಳಿಸುವುದೂ ಉಂಟು. ಆದರೆ ಈ ತೊಡಕೇ ಪರೀಕ್ಷಕನಿಗೆ ಅನುಕೂಲವನ್ನೂ ಒದಗಿಸಿದೆ. ಮುಂದಿನ ಹಬ್‌ಗಳನ್ನು ಕೈಯಿಂದ ಬಿಡಿಸಬಹುದಾದ ವಾಹನವನ್ನು ತೆಗೆದುಕೊಳ್ಳಿ. ಹಬ್‌ಗಳನ್ನು ಬಿಡಿಸಿ ಎರಡೇ ಚಕ್ರಗಳ ಚಾಲನೆಯಲ್ಲಿ ಓಡಿಸಿದರೆ ಮುಂದಿನ ಷಾಫ್ಟು ಸುಮ್ಮನಿರುತ್ತದೆ. ಹಬ್‌ಗಳನ್ನು ಸೇರಿಸಿ ಲಿವರನ್ನು ಹಾಗೆಯೇ ಇಟ್ಟರೆ ಚಕ್ರಗಳು ಷಾಫ್ಟನ್ನು ತಿರುಗಿಸುತ್ತವೆ. ಎಂಜಿನ್ನಿನ ಎಳೆತ ಮಾತ್ರ ಅದರ ಮೇಲಿರುವುದಿಲ್ಲ. ಲಿವರನ್ನೂ ನಾಲ್ಕಕ್ಕೆ ಹಾಕಿದಾಗ ಎಳೆತವೂ ಬರುತ್ತದೆ. ಸದ್ದು ಎರಡನೆಯ ಸ್ಥಿತಿಯಲ್ಲಿ ಹುಟ್ಟಿದರೆ ಮುಂದಿನ ಆಕ್ಸಲನ್ನೂ ಷಾಫ್ಟನ್ನೂ ಸಂದೇಹಿಸಬೇಕು. ಮೂರನೆಯದರಲ್ಲಿ ಮಾತ್ರ ಹುಟ್ಟಿದರೆ ಟ್ರಾನ್ಸ್‌ಫರ್ ಕೇಸನ್ನೂ ಸೇರಿಸಿಕೊಳ್ಳಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡುವುದು. ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದೇ ತಾನೆ? ಮೂರನೆಯ ಪರೀಕ್ಷೆ ಮಣ್ಣಿನ ಹಾದಿಯಲ್ಲೇ ಆಗಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಒಣಗಿದ ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಷಾಫ್ಟುಗಳು ಬಿಗಿದುಕೊಂಡು 'ಟಕ್' ಎನ್ನುತ್ತವೆ. ಅದು ರೋಗವಲ್ಲ, ದುರ್ಬಳಕೆ.

ಸದ್ದಿನ ಸ್ಥಾಯಿಯೂ ಸಾಕ್ಷಿ ನುಡಿಯುತ್ತದೆ. ಟೈರಿನ ಸುತ್ತಳತೆ 2.2 ಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆ. ಆಕ್ಸಲಿನ ಗೇರಿನ ಪ್ರಮಾಣ 4 ಆದರೆ ಷಾಫ್ಟು 20 ಸುತ್ತು. ಓರೆಯಾಗಿ ನಿಂತ ಯೂನಿವರ್ಸಲ್ ಜಾಯಿಂಟು ಪ್ರತಿ ಸುತ್ತಿಗೂ ಎರಡು ಬಾರಿ ವೇಗವನ್ನು ಏರಿಳಿಸುವುದರಿಂದ ಅದರ ನಡುಕ 40. ಪಿನಿಯನ್ನಿಗೆ 10 ಹಲ್ಲುಗಳಿದ್ದರೆ ಹಲ್ಲುಗಳ ಕೊರಗು 200! ಹೀಗೆ ಚಕ್ರದ ತಟತಟವನ್ನೂ ಷಾಫ್ಟಿನ ಕಂಪನವನ್ನೂ ಗೇರಿನ ರಾಗವನ್ನೂ ಕಿವಿಯೇ ಬೇರ್ಪಡಿಸಬಲ್ಲುದು. ಚಕ್ರದ ಬೇರಿಂಗಿನ ಗೊರಗೊರ ಈ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದು. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ಮೊದಲು ನೋಡಬೇಕು.

ಚಾಲಕನು ಸದ್ದಿನ ಮಾತೆತ್ತಿದರೆ "ಈ ಗಾಡಿಗಳ ಸ್ವಭಾವವೇ ಹೀಗೆ" ಎಂದು ತಳ್ಳಿಹಾಕುವವರನ್ನು ನಾವು ಒಪ್ಪಲಾರೆವು. ನಿಧಾನವಾಗಿ ಚಲಿಸುವಾಗಿನ ಕಿಚಿಕಿಚಿಯೂ, ಮುಂದಿನಿಂದ ರಿವರ್ಸಿಗೆ ಹಾಕಿದಾಗಿನ ಬಡಿತವೂ ಗ್ರೀಸಿಲ್ಲದೆ ಸವೆದ ಜಾಯಿಂಟಿನ ಗುರುತುಗಳಾಗಿರಬಹುದು. ಅದು ಮುರಿದರೆ ಷಾಫ್ಟು ಕಳಚುತ್ತದೆ. ಹಲವು ಹಳೆಯ ಜೀಪುಗಳಲ್ಲಿ ಕೈಬ್ರೇಕು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ ಇರುವುದರಿಂದ, ಎರಡು ಚಕ್ರಗಳ ಚಾಲನೆಯಲ್ಲಿ ಘಾಟಿ ಇಳಿಯುತ್ತಿರುವಾಗ ಹಿಂದಿನ ಷಾಫ್ಟು ಕಳಚಿತೆಂದರೆ ಎಂಜಿನ್ನಿನ ತಡೆಯೂ ಕೈಬ್ರೇಕೂ ಒಮ್ಮೆಗೇ ಇಲ್ಲವಾಗುತ್ತವೆ. ಅಂಥ ಸದ್ದನ್ನು ನಾಳೆಗೆ ಇಟ್ಟುಕೊಳ್ಳಬಾರದು.

ಗ್ಯಾರೇಜಿನವರು ಮೊದಲು ಚಾಲಕನ ಪಕ್ಕದಲ್ಲಿ ಕುಳಿತು ನಾಲ್ಕಾರು ಮೈಲಿ ಹೋಗಿಬರಲಿ. ಒಂದೇ ಆಕ್ಸಲನ್ನು ಎತ್ತಿ ನಾಲ್ಕು ಚಕ್ರಗಳ ಚಾಲನೆಯಲ್ಲಿ ಎಂಜಿನ್ ನಡೆಸುವ ಸಾಹಸ ಮಾತ್ರ ಬೇಡ. ನೆಲದ ಮೇಲಿನ ಚಕ್ರಗಳು ವಾಹನವನ್ನೇ ಜಾಕಿನಿಂದ ಕೆಡವುತ್ತವೆ. ಅನಂತರ ಡಿಫರೆನ್ಷಿಯಲಿನ ಎಣ್ಣೆಯನ್ನು ಇಳಿಸಿ ನೋಡಲಿ. ಅದರಲ್ಲಿ ಉಕ್ಕಿನ ಚೂರುಗಳು ಕಂಡರೆ ಆಗ ಸ್ಪ್ಯಾನರು ಕೈಗೆತ್ತಿಕೊಳ್ಳಲು ನಮ್ಮ ಅಭ್ಯಂತರವಿಲ್ಲ.