ಉತ್ತರ ಗುರುತಿಸಿದವರೆಲ್ಲ ವೈದ್ಯರೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಹೊಲ, ಒಡವೆ ಮಾರಿಯಾದರೂ ಮಕ್ಕಳನ್ನು ವೈದ್ಯ ಶಿಕ್ಷಣಕ್ಕಾಗಿ ವಿದೇಶಕ್ಕೆ ಕಳುಹಿಸಬಯಸುವ ಹೆತ್ತವರನ್ನು ನಾವು ಕೇಳುತ್ತೇವೆ: ಏಜೆಂಟರಲ್ಲಿ ಶುಲ್ಕ, ವಸತಿ, ಊಟದ ಬಗ್ಗೆ ವಿಚಾರಿಸುವ ನೀವು, ಅಲ್ಲಿ ಮಕ್ಕಳು ರೋಗಿಯ ನಾಡಿ ಹಿಡಿಯುವರೇ ಎಂದು ವಿಚಾರಿಸಿದ್ದೀರಾ?

ಮರಳಿದವರಿಗೆ 2002ರಿಂದ ನಡೆಯುತ್ತಿರುವ ಎಫ್‌ಎಂಜಿಇ ಪರೀಕ್ಷೆಯಿದೆ. 300 ಪ್ರಶ್ನೆ, ಕನಿಷ್ಠ 150 ಅಂಕ. ಬಹುಪಾಲು ಮಂದಿ ಅಲ್ಲೇ ಎಡವುತ್ತಾರೆ. ಆದರೆ ಅದು ಸರಿಯುತ್ತರ ಗುರುತಿಸುವ ಪರೀಕ್ಷೆ ಮಾತ್ರ. ಬ್ರಿಟನ್ನಿನ ಪ್ಲ್ಯಾಬ್ ಪರೀಕ್ಷೆಯ ಎರಡನೆಯ ಹಂತದಂತೆ ರೋಗಿಯೊಡನೆ ಮಾತು, ತಪಾಸಣೆಯ ಕೌಶಲವನ್ನು ಅದು ಅಳೆಯದು. ಆ ಕೊರತೆ ತುಂಬಬೇಕಾದದ್ದು ಇಂಟರ್ನ್‌ಶಿಪ್. ಅದನ್ನೂ ಮೊಹರು ಒತ್ತಿಸಿಕೊಳ್ಳುವ ಕಾಟಾಚಾರವಾಗಿಸುವುದು ಸಮುದಾಯಕ್ಕೆ ಬಗೆಯುವ ದ್ರೋಹ.

ಮಗ್ಗದಲ್ಲಿ ಕೈ ಪಳಗದವನು ನೇಕಾರನಾಗಲಾರನೆಂದು ಬನಹಟ್ಟಿ ಬಲ್ಲದು. ವಾರ್ಡಿನಲ್ಲಿ ಕೈ ಪಳಗದವರು ವೈದ್ಯರಾದಾರೇ?