ಟೋಪಿ ಉಳಿಯಿತು, ಎಣ್ಣೆಗುಂಡಿ ಹೋಯಿತು

ಮಳೆಗೆ ತೊಯ್ದ ರಸ್ತೆ, ಒಂಟಿ ಬೀದಿದೀಪ, ಕಿಟಕಿಯ ಪಟ್ಟಿಗಳ ನೆರಳು ಬಿದ್ದ ಗೋಡೆ, ಸಿಗರೇಟು ಕಚ್ಚಿಕೊಂಡು ನಿಂತ ಒಬ್ಬ ಬೇಸತ್ತ ಗಂಡಸು. ಇಷ್ಟಿದ್ದರೆ ಸಾಕು, ಈಗ ಯಾವ ಸಿನಿಮಾಕ್ಕಾದರೂ ವೆಬ್ ಸೀರೀಸಿಗಾದರೂ ‘ನುವಾರ್’ ಎಂಬ ಚೀಟಿ ಅಂಟಿಸಿಬಿಡುತ್ತಾರೆ. ವಿಮರ್ಶೆ ಬರೆಯುವವರೂ ‘ಮೂಡ್ ಚೆನ್ನಾಗಿದೆ’ ಎಂದು ಷರಾ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮೂಡ್ ಚೆನ್ನಾಗಿರುವುದಕ್ಕೆ ನನ್ನ ತಕರಾರಿಲ್ಲ. ಹಾರ್ಡ್‌ಬಾಯಿಲ್ಡ್ ಅಂದರೆ ಮೂಡ್, ಮೂಡ್ ಅಂದರೆ ಹಾರ್ಡ್‌ಬಾಯಿಲ್ಡ್ ಎಂದು ನಂಬಿಸಿರುವುದಕ್ಕೆ ತಕರಾರಿದೆ. ಈ ಜಾತಿಯ ಪುಸ್ತಕಗಳನ್ನು ಮೂವತ್ತು ವರ್ಷಗಳಿಂದ ಓದುತ್ತ, ಅವುಗಳಿಂದ ಹುಟ್ಟಿದ ಸಿನಿಮಾಗಳನ್ನು ನೋಡುತ್ತ, ದಿನಪತ್ರಿಕೆಯನ್ನು ಒಳಪುಟದ ಚಿಲ್ಲರೆ ಸುದ್ದಿಗಳಿಂದಲೇ ಶುರುಮಾಡುವ ಚಟ ಬೆಳೆಸಿಕೊಂಡವನು ನಾನು. ನನಗೆ ಕಂಡಂತೆ ಈ ಸಾಹಿತ್ಯ ಹುಟ್ಟಿದ್ದು ಲೆಕ್ಕದ ಪುಸ್ತಕದ ಪಕ್ಕದಲ್ಲಿ. ದುಡ್ಡು ಯಾರು ಕೊಟ್ಟರು, ಎಷ್ಟು ಕೊಟ್ಟರು, ಹೆಣ ಬಿದ್ದ ಮೇಲೆ ಯಾರ ಪಾಲಿಗೆ ಏನು ಬಂತು ಎಂಬುದು ಅದರ ವಿಚಾರಣೆ. ನಾವು ಟೋಪಿಯನ್ನು ಉಳಿಸಿಕೊಂಡು ವಿಚಾರಣೆಯನ್ನು ಕೈಬಿಟ್ಟಿದ್ದೇವೆ.

ಎಲ್ಲರಿಗೂ ಗೊತ್ತಿರುವ ‘ದಿ ಬಿಗ್ ಸ್ಲೀಪ್’ ಅನ್ನೇ ತೆಗೆದುಕೊಳ್ಳಿ. ರೇಮಂಡ್ ಚಾಂಡ್ಲರನ ಕಾದಂಬರಿ ಬಂದದ್ದು 1939ರಲ್ಲಿ, ಹೊವಾರ್ಡ್ ಹಾಕ್ಸ್ ಅದನ್ನು ತೆರೆಗೆ ತಂದದ್ದು 1946ರಲ್ಲಿ. ಕತೆಯಲ್ಲಿ ಒಬ್ಬ ಕಾರ್ ಡ್ರೈವರ್ ಸಾಯುತ್ತಾನೆ. ಅವನನ್ನು ಕೊಂದವರು ಯಾರೆಂದು ಸಿನಿಮಾ ತಂಡದವರಿಗೆ ಬಗೆಹರಿಯದೆ ಚಾಂಡ್ಲರನನ್ನೇ ಕೇಳಿದರಂತೆ. ಅವನು ತನಗೂ ಗೊತ್ತಿಲ್ಲ ಎಂದನಂತೆ. ಈ ಪ್ರಸಂಗ ಬಾರದೆ ನುವಾರ್ ಬಗೆಗಿನ ಯಾವ ಲೇಖನವೂ ಮುಗಿಯುವುದಿಲ್ಲ. ಹೇಳುವವರ ಇಂಗಿತ ಇಷ್ಟು: ನೋಡಿ, ಕತೆ ಮುಖ್ಯವಲ್ಲ, ವಾತಾವರಣ ಮುಖ್ಯ. ಡ್ರೈವರ್ ಸತ್ತರೆ ಸತ್ತ! ಸಂಬಳಕ್ಕಿದ್ದವನು ಹೇಗೆ ಸತ್ತರೂ ನಡೆಯುತ್ತದೆ ಎನ್ನುವ ಈ ಔದಾರ್ಯ, ಸತ್ತವನು ಮನೆಯ ಯಜಮಾನನಾಗಿದ್ದರೆ ಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಈ ಹಳೇ ಜೋಕಿನ ಗದ್ದಲದಲ್ಲಿ ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ಕಾದಂಬರಿಯ ಜನರಲ್ ಸ್ಟರ್ನ್‌ವುಡ್ ಎಣ್ಣೆಬಾವಿಗಳಿಂದ ಶ್ರೀಮಂತನಾದವನು. ಮನೆತನ ಗುಡ್ಡದ ಮೇಲಕ್ಕೆ ಹೋಗಿದೆ, ಎಣ್ಣೆಯ ವಾಸನೆ ಅಲ್ಲಿಗೆ ತಲುಪುವುದಿಲ್ಲ. ಆದರೆ ಮುಂದಿನ ಕಿಟಕಿಯಲ್ಲಿ ನಿಂತರೆ ಕೆಳಗೆ ಹಳೆಯ ಬಾವಿಗಳು ಈಗಲೂ ಕಾಣುತ್ತವೆ. ಕಾಣೆಯಾದ ಅಳಿಯ ರಸ್ಟಿ ರೀಗನ್ ಎಲ್ಲಿ ಹೋದ ಎಂಬುದು ಪುಸ್ತಕದ ಆಳದಲ್ಲಿರುವ ಪ್ರಶ್ನೆ. ಅವನು ಎಲ್ಲಿಗೂ ಹೋಗಿಲ್ಲ, ಅದೇ ಬಾವಿಗಳ ಪಕ್ಕದ ಕೊಳೆತ ಗುಂಡಿಯಲ್ಲಿ ಹೆಣವಾಗಿ ಬಿದ್ದಿದ್ದಾನೆ. (1939ರ ಪುಸ್ತಕದ ಗುಟ್ಟು ಒಡೆದದ್ದಕ್ಕೆ ಯಾರೂ ಮುನಿಯಬಾರದು.) ಕೊಂದವಳು ಮನೆಯ ಕಿರಿಯ ಮಗಳು. ಅಡಗಿಸಿದ್ದು ಹಿರಿಯ ಮಗಳು, ದುಡ್ಡಿನಿಂದ. ಕೊನೆಗೆ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವವನು ಪತ್ತೇದಾರ ಮಾರ್ಲೊ. ಮುದುಕ ನೆಮ್ಮದಿಯಾಗಿ ಸಾಯಲಿ ಎಂದು ಅವನೂ ಆ ಕೊಳಕಿನಲ್ಲಿ ಒಬ್ಬ ಪಾಲುದಾರನಾಗುತ್ತಾನೆ. ಮನೆತನದ ಆಸ್ತಿ ಬಂದದ್ದು ಯಾವ ನೆಲದಿಂದಲೋ, ಮನೆತನದ ಕೊಲೆ ಹೂತುಹೋದದ್ದೂ ಅದೇ ನೆಲದಲ್ಲಿ. ಚಾಂಡ್ಲರ್ ಇದನ್ನು ಕನಸು ಕಂಡು ಬರೆದದ್ದಲ್ಲ. ಅವನು ಲಾಸ್ ಏಂಜಲೀಸಿನ ಒಂದು ಎಣ್ಣೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು 1932ರಲ್ಲಿ ಕೆಲಸ ಕಳೆದುಕೊಂಡವನು. ಆ ಗುಂಡಿಗಳ ವಾಸನೆ ಅವನ ಮೂಗಿಗೆ ಗೊತ್ತಿತ್ತು.

ಸಿನಿಮಾದಲ್ಲಿ ಆ ಗುಂಡಿ ಇಲ್ಲ. ಕೊಲೆಯ ಹೊಣೆ ಜೂಜುಕಟ್ಟೆಯ ಎಡ್ಡಿ ಮಾರ್ಸ್‌ನ ತಲೆಗೆ ಬರುತ್ತದೆ, ಅವನು ತನ್ನದೇ ಆಳುಗಳ ಗುಂಡಿಗೆ ಬಲಿಯಾಗುತ್ತಾನೆ, ಬೊಗಾರ್ಟ್ ಮತ್ತು ಬಕಾಲ್ ಪಕ್ಕಪಕ್ಕ ನಿಂತು ಪೊಲೀಸ್ ಸೈರನ್ ಕೇಳಿಸಿಕೊಳ್ಳುತ್ತಾರೆ. ಆಗಿನ ಸೆನ್ಸಾರ್ ನಿಯಮಾವಳಿಯ ಕಾಟವಿತ್ತು, ತಾರಾಜೋಡಿಯ ಮಾರುಕಟ್ಟೆಯಿತ್ತು, ಎಲ್ಲ ಒಪ್ಪುತ್ತೇನೆ. ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಇನ್ನೂ ನೋಡುತ್ತೇನೆ. ಆದರೂ ಕೈಬಿಟ್ಟದ್ದು ಏನನ್ನು ಎಂಬುದನ್ನು ನೋಡಬೇಕು. ಟೋಪಿ, ಮಳೆಕೋಟು, ಚುರುಕು ಮಾತು ಎಲ್ಲ ಬಂದವು. ಎಣ್ಣೆಗುಂಡಿ ಬರಲಿಲ್ಲ.

ಡ್ಯಾಶಿಯಲ್ ಹ್ಯಾಮೆಟ್ಟನ ‘ರೆಡ್ ಹಾರ್ವೆಸ್ಟ್’ಗೆ ಆದದ್ದು ಇದಕ್ಕಿಂತ ದೊಡ್ಡ ಕಳವು. 1929ರಲ್ಲಿ ಪುಸ್ತಕವಾಗಿ ಬರುವ ಮೊದಲು ಅದು ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತ್ತು. ಪರ್ಸನ್‌ವಿಲ್ ಎಂಬ ಗಣಿಯೂರು. ಜನ ಅದನ್ನು ಪಾಯ್ಸನ್‌ವಿಲ್, ವಿಷದೂರು ಅನ್ನುತ್ತಾರೆ. ಗಣಿ, ಬ್ಯಾಂಕು, ಪತ್ರಿಕೆ ಎಲ್ಲವೂ ಎಲಿಹು ವಿಲ್ಸನ್ ಎಂಬ ಮುದುಕನವು. ಕಾರ್ಮಿಕರ ಮುಷ್ಕರ ಮುರಿಯಲು ಅವನು ಬಾಡಿಗೆ ಬಂದೂಕಿನವರನ್ನು ಕರೆಸಿದ. ಮುಷ್ಕರ ಮುರಿಯಿತು, ಬಂದವರು ವಾಪಸು ಹೋಗದೆ ಊರನ್ನೇ ಹಂಚಿಕೊಂಡರು. ಈಗ ಊರು ಸ್ವಚ್ಛ ಮಾಡಲು ಅದೇ ಮುದುಕ ಹತ್ತು ಸಾವಿರ ಡಾಲರ್ ಚೆಕ್ ಬರೆದು ಒಬ್ಬ ಹೆಸರಿಲ್ಲದ ಪತ್ತೇದಾರನಿಗೆ ಕೊಡುತ್ತಾನೆ. ಇಪ್ಪತ್ತಕ್ಕೂ ಹೆಚ್ಚು ಹೆಣ ಬಿದ್ದ ಮೇಲೆ ಊರು ಮತ್ತೆ ಯಾರ ಕೈಗೆ ಹೋಗುತ್ತದೆ? ಆ ಮುದುಕನ ಕೈಗೇ. ಅದು ಪುನಃ ಹದಗೆಡುವುದು ಖಚಿತ ಎಂದು ಪತ್ತೇದಾರ ಅವನ ಮುಖಕ್ಕೇ ಹೇಳುತ್ತಾನೆ.

ಹ್ಯಾಮೆಟ್ 1915ರಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆ ಸೇರಿದವನು. ಮುಷ್ಕರ ಮುರಿಯುವುದು ಆ ಸಂಸ್ಥೆಯ ಆದಾಯದ ಒಂದು ಮೂಲ. ಪರ್ಸನ್‌ವಿಲ್ ಹಿಂದೆ ಇರುವುದು ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ತಾಮ್ರದ ಊರು. 1917ರ ಜೂನ್ 8ರಂದು ಅಲ್ಲಿನ ಸ್ಪೆಕ್ಯುಲೇಟರ್ ಗಣಿಗೆ ಬೆಂಕಿ ಬಿದ್ದು 168 ಜನ ಸತ್ತರು. ಮುಷ್ಕರ ಶುರುವಾಯಿತು. ಸಂಘಟನೆಗೆಂದು ಬಂದ ಫ್ರಾಂಕ್ ಲಿಟ್ಲ್, ಕಾಲುಮೂಳೆ ಮುರಿದುಕೊಂಡು ಊರುಗೋಲಿನ ಮೇಲೆ ಓಡಾಡುತ್ತಿದ್ದವನು. ಆಗಸ್ಟ್ 1ರ ನಸುಕಿನಲ್ಲಿ ಮುಸುಕುಧಾರಿಗಳು ಅವನನ್ನು ವಸತಿಗೃಹದಿಂದ ಎಳೆದೊಯ್ದು ರೈಲ್ವೆ ಸೇತುವೆಗೆ ನೇತುಹಾಕಿದರು. ಆ ಕೊಲೆಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ. ಲಿಟ್ಲನನ್ನು ಮುಗಿಸಲು ತನಗೆ ಐದು ಸಾವಿರ ಡಾಲರ್ ಆಮಿಷ ಬಂದಿತ್ತೆಂದು ಹ್ಯಾಮೆಟ್ ಹೇಳಿಕೊಂಡಿದ್ದಾಗಿ ಅವನ ಸಂಗಾತಿ ಲಿಲಿಯನ್ ಹೆಲ್‌ಮನ್ ಬರೆದಿದ್ದಾಳೆ. ಅದನ್ನು ಎಲ್ಲರೂ ನಂಬುವುದಿಲ್ಲ, ನಂಬಬೇಕಾದ ಅಗತ್ಯವೂ ಇಲ್ಲ. ಕಾದಂಬರಿಯೇ ಸಾಕಷ್ಟು ಹೇಳಿದೆ.

ಕುರೊಸಾವಾನ ‘ಯೊಜಿಂಬೊ’ಗೂ ಈ ಪುಸ್ತಕಕ್ಕೂ ಇರುವ ನಂಟಿನ ಬಗ್ಗೆ ಹಳೆಯ ವಾದವಿದೆ. ‘ಯೊಜಿಂಬೊ’ದಿಂದ ಲಿಯೋನೆಯ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಬಂದದ್ದರ ಬಗ್ಗೆ ವಾದವೇ ಇಲ್ಲ, ಮೊಕದ್ದಮೆಯೇ ನಡೆದಿತ್ತು. ಎರಡು ಗುಂಪು, ನಡುವೆ ಒಬ್ಬ ಹೊರಗಿನವನು, ಇಬ್ಬರನ್ನೂ ಕಾದಾಡಿಸಿ ಅವನು ಹೊರಟುಹೋಗುತ್ತಾನೆ. ಈ ಎಲುಬುಗೂಡು ಆಮೇಲೆ ಲೋಕವೆಲ್ಲ ಸುತ್ತಿತು. ಎಲ್ಲಿಗೂ ಅದರ ಜೊತೆ ಹೋಗದೆ ಹಿಂದೆ ಉಳಿದದ್ದು ಎರಡೇ: ಮುಷ್ಕರ, ಮತ್ತು ಚೆಕ್ ಬರೆದ ಮುದುಕ.

ಇನ್ನು ಆ ಚಿಲ್ಲರೆ ಸುದ್ದಿಗಳ ವಿಷಯ. ‘ಪ್ರಿಯಕರನೊಂದಿಗೆ ಸೇರಿ ಗಂಡನನ್ನು ಮುಗಿಸಿದ ಪತ್ನಿ’ ಎಂಬ ಶೀರ್ಷಿಕೆಯನ್ನು ಈ ವಾರವೂ ನೀವು ಓದಿರುತ್ತೀರಿ. ಅದರ ಕೆಳಗೆ ಅವಳ ಫೋಟೋ, ಅವಳ ರೀಲ್ಸು, ಕೋರ್ಟಿಗೆ ಬಂದಾಗ ಅವಳು ಅತ್ತಳೋ ನಕ್ಕಳೋ ಎಂಬ ವರದಿ. ಟಿವಿಯವರು ಹಿನ್ನೆಲೆ ಸಂಗೀತ ಸೇರಿಸುತ್ತಾರೆ, ಪಾಡ್‌ಕಾಸ್ಟಿನವರು ದನಿ ತಗ್ಗಿಸುತ್ತಾರೆ. ಇದು ಹೊಸ ಕಾಯಿಲೆಯೇನಲ್ಲ. 1927ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಆಲ್ಬರ್ಟ್ ಸ್ನೈಡರ್ ಎಂಬವನನ್ನು ಅವನ ಹೆಂಡತಿ ರೂತ್ ಮತ್ತು ಕಾರ್ಸೆಟ್ ಮಾರುತ್ತಿದ್ದ ಜಡ್ ಗ್ರೇ ಸೇರಿ ಕೊಂದರು. ವಿಚಾರಣೆ ಜಾತ್ರೆಯಾಯಿತು. 1928ರ ಜನವರಿ 12ರಂದು ಇಬ್ಬರನ್ನೂ ಸಿಂಗ್ ಸಿಂಗ್ ಜೈಲಿನ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದಾಗ ಟಾಮ್ ಹೊವಾರ್ಡ್ ಎಂಬ ಛಾಯಾಗ್ರಾಹಕ ಕಣಕಾಲಿಗೆ ಕ್ಯಾಮೆರಾ ಕಟ್ಟಿಕೊಂಡು ಒಳಗೆ ಹೋಗಿದ್ದ. ರೂತ್ ಸಾಯುತ್ತಿರುವ ಚಿತ್ರ ‘ಡೈಲಿ ನ್ಯೂಸ್’ನ ಮುಖಪುಟ ತುಂಬಿತು.

ಇದೇ ಪ್ರಕರಣದಿಂದ ಜೇಮ್ಸ್ ಎಂ. ಕೇನ್ ಎತ್ತಿಕೊಂಡದ್ದು ವಿಮಾ ಪಾಲಿಸಿಯನ್ನು. ರೂತ್ ತನ್ನ ಗಂಡನ ಹೆಸರಿನಲ್ಲಿ ಮಾಡಿಸಿದ್ದ ಪಾಲಿಸಿಯಲ್ಲಿ, ಅಸಹಜ ಸಾವಾದರೆ ದುಪ್ಪಟ್ಟು ಹಣ ಎಂಬ ಕಲಮು ಇತ್ತು. 1936ರಲ್ಲಿ ಧಾರಾವಾಹಿಯಾಗಿ ಬಂದ ಕೇನನ ‘ಡಬಲ್ ಇಂಡೆಮ್ನಿಟಿ’ಯ ಹೆಸರೇ ಆ ಕಲಮು. ಅಲ್ಲಿ ಗಂಡ ರೈಲಿನಿಂದ ಬಿದ್ದು ಸತ್ತಂತೆ ಕಾಣಬೇಕು. ಯಾಕೆ ರೈಲು? ರೈಲಿನ ಅಪಘಾತಕ್ಕೆ ದುಪ್ಪಟ್ಟು ಸಿಗುತ್ತದೆ, ಅದಕ್ಕೆ. ಕೊಲೆ ಹೇಗೆ ನಡೆಯಬೇಕೆಂದು ತೀರ್ಮಾನಿಸುವುದು ದ್ವೇಷವಲ್ಲ, ಕಾಮವೂ ಅಲ್ಲ, ಛಾಪಾ ಕಾಗದದ ಒಂದು ಸಾಲು. ಕೊಲೆಗಾರ ಸ್ವತಃ ವಿಮಾ ಏಜೆಂಟ್, ಅವನನ್ನು ಮೂಸಿ ಹಿಡಿಯುವವನು ಅದೇ ಕಂಪನಿಯ ಕ್ಲೇಮು ವಿಭಾಗದ ಕೀಸ್. 1944ರಲ್ಲಿ ಬಿಲ್ಲಿ ವೈಲ್ಡರ್ ಇದನ್ನು ಸಿನಿಮಾ ಮಾಡಿದ, ಚಾಂಡ್ಲರ್ ಚಿತ್ರಕತೆಗೆ ಕೈಹಾಕಿದ. ನಾಯಕ ಗ್ಯಾಸ್ ಚೇಂಬರಿನಲ್ಲಿ ಸಾಯುವ ದೃಶ್ಯವನ್ನು ವೈಲ್ಡರ್ ಖರ್ಚು ಮಾಡಿ ಚಿತ್ರೀಕರಿಸಿದ್ದ, ಆಮೇಲೆ ಬೇಡವೆಂದು ಕಿತ್ತುಹಾಕಿದ. ಪತ್ರಿಕೆ ಯಾವುದನ್ನು ಕಾಲಿಗೆ ಕ್ಯಾಮೆರಾ ಕಟ್ಟಿ ಕದ್ದು ತಂದಿತೋ ಅದನ್ನು ಸಿನಿಮಾ ಕೈಯಲ್ಲಿದ್ದೂ ತೋರಿಸಲಿಲ್ಲ. ಎಲ್ಲ ಸಿನಿಮಾದವರ ಮೇಲೂ ನನಗೆ ಕೋಪವಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಹಾರ್ಡ್‌ಬಾಯಿಲ್ಡ್ ಲೇಖಕರೆಲ್ಲ ಸಂತರಾಗಿರಲಿಲ್ಲ. ಇವರ ಹೆಣ್ಣುಗಳು ಬಹುಪಾಲು ಬಲೆ ಬೀಸಿ ಕೂತವರು. ಕರಿಯರ ಬಗ್ಗೆ ಚಾಂಡ್ಲರ್ ಬರೆದದ್ದನ್ನು ಈಗ ಓದಿದರೆ ಮೈ ಮುದುಡುತ್ತದೆ. ಅದಕ್ಕೆ ಉತ್ತರ ಕೊಟ್ಟವನು ಚೆಸ್ಟರ್ ಹೈಮ್ಸ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದರೋಡೆಗಾಗಿ ಒಹಾಯೊ ಜೈಲು ಸೇರಿ, ಅಲ್ಲಿಯೇ ಕತೆ ಬರೆಯಲು ಕಲಿತ ಕರಿಯ ಲೇಖಕ. ಅಮೆರಿಕ ಸಾಕಾಗಿ ಪ್ಯಾರಿಸ್‌ಗೆ ಹೋದ ಅವನಿಂದ ‘ಸೆರಿ ನುವಾರ್’ ಮಾಲೆಯ ಸಂಪಾದಕ ಮಾರ್ಸೆಲ್ ದ್ಯುಹಾಮೆಲ್ ಹಾರ್ಲೆಮ್‌ನ ಕತೆಗಳನ್ನು ಬರೆಸಿದ. ಮೊದಲನೆಯದೇ 1958ರಲ್ಲಿ ಫ್ರಾನ್ಸಿನ ಅಪರಾಧ ಸಾಹಿತ್ಯದ ದೊಡ್ಡ ಬಹುಮಾನ ಪಡೆಯಿತು. ಅದರ ಮೊದಲ ಅಧ್ಯಾಯವನ್ನು ಕನ್ನಡ ಪತ್ರಿಕೆ ಓದುವವರು ಯಾರಾದರೂ ತಟ್ಟನೆ ಗುರುತಿಸುತ್ತಾರೆ. ಹೆಣದ ಪೆಟ್ಟಿಗೆಯವನ ಹತ್ತಿರ ಗುಮಾಸ್ತನಾಗಿರುವ ಜ್ಯಾಕ್ಸನ್ ತನ್ನ ಉಳಿತಾಯವನ್ನೆಲ್ಲ ಹತ್ತು ಡಾಲರ್ ನೋಟುಗಳಾಗಿ ತಂದುಕೊಡುತ್ತಾನೆ. ಅವನ್ನು ವಿಶೇಷ ಕಾಗದದಲ್ಲಿ ಸುತ್ತಿ ಒಲೆಯಲ್ಲಿಟ್ಟರೆ ನೂರರ ನೋಟಾಗುತ್ತವೆಯಂತೆ. ಒಲೆ ಸಿಡಿಯುತ್ತದೆ, ಹೊಗೆಯ ನಡುವೆ ನಕಲಿ ಅಧಿಕಾರಿ ಬಂದು ಹಿಡಿಯುತ್ತಾನೆ, ಅವನಿಗೆ ಲಂಚ ಕೊಡಲು ಜ್ಯಾಕ್ಸನ್ ಧಣಿಯ ಪೆಟ್ಟಿಗೆಗೆ ಕೈಹಾಕುತ್ತಾನೆ.

ನಮ್ಮಲ್ಲಿ ನೋಟು ದುಪ್ಪಟ್ಟು, ರೈಸ್ ಪುಲ್ಲಿಂಗ್ ತಾಮ್ರದ ಚೆಂಬು, ಎರಡು ತಲೆ ಹಾವು. ಅಂಥ ಸುದ್ದಿ ಬಂದಾಗಲೆಲ್ಲ ಓದಿದವರು ನಗುತ್ತಾರೆ: ಎಂಥ ದಡ್ಡ, ಇಷ್ಟೂ ಗೊತ್ತಾಗಲಿಲ್ಲವೇ! ಹೈಮ್ಸ್ ಕೂಡ ನಗಿಸುತ್ತಾನೆ, ಹೊಟ್ಟೆ ಹುಣ್ಣಾಗುವಷ್ಟು. ನಗುತ್ತಿರುವಾಗಲೇ ಜ್ಯಾಕ್ಸನ್ನನ ಸಂಬಳ, ಮನೆ ಬಾಡಿಗೆ, ಅವನು ಮದುವೆಯಾಗಬೇಕೆಂದಿರುವ ಹುಡುಗಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹಾರ್ಲೆಮ್‌ನ ಗುಮಾಸ್ತನೊಬ್ಬ ನೇರ ದಾರಿಯಲ್ಲಿ ನೂರರ ನೋಟಿಗೆ ತಲುಪಲು ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಿದರೆ ಒಲೆಯೊಳಗಿನ ರಸಾಯನ ಅಷ್ಟೇನೂ ಅಸಂಬದ್ಧವಾಗಿ ಕಾಣುವುದಿಲ್ಲ. ಈ ಲೆಕ್ಕವನ್ನು ನಮ್ಮ ಸುದ್ದಿಗಳು ಹಾಕುವುದಿಲ್ಲ. ಮೋಸ ಹೋದವನ ವಯಸ್ಸು ಕೊಡುತ್ತವೆ, ಊರು ಕೊಡುತ್ತವೆ, ಸಾಲ ಎಷ್ಟಿತ್ತು ಎಂಬುದನ್ನು ಕೊಡುವುದಿಲ್ಲ.

ಕನ್ನಡದಲ್ಲಿ ಇದಕ್ಕೆಲ್ಲ ನಮ್ಮಲ್ಲಿರುವುದು ಒಂದೇ ಪದ, ಪತ್ತೇದಾರಿ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರೂ, ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಆ ಪದದಡಿಯಲ್ಲಿ ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದರು. ಅವರನ್ನು ಪಕ್ಕಕ್ಕೆ ತಳ್ಳಿದ ವಿಮರ್ಶಕರ ಜೊತೆ ನನ್ನ ಜಗಳ ಬೇರೆಯೇ ಇದೆ, ಇನ್ನೊಮ್ಮೆ ಆಡೋಣ. ಆದರೆ ಆ ಪದ ಹಾರ್ಡ್‌ಬಾಯಿಲ್ಡ್‌ಗೆ ಒಗ್ಗುವುದಿಲ್ಲ. ಪತ್ತೆಯಾದರೆ ಕತೆ ಮುಗಿಯಿತು ಎಂಬ ಭರವಸೆ ಅದರಲ್ಲಿದೆ. ಹ್ಯಾಮೆಟ್ಟನಲ್ಲಿ ಪತ್ತೆ ಅರ್ಧ ದಾರಿಯಲ್ಲೇ ಆಗಿರುತ್ತದೆ. ಯಾರು ಅಂತ ಊರಿಗೇ ಗೊತ್ತು, ಏನೂ ಮಾಡುವಂತಿಲ್ಲ. ಚಾಂಡ್ಲರ್ ತನ್ನ 1944ರ ಪ್ರಸಿದ್ಧ ಪ್ರಬಂಧದಲ್ಲಿ, ಹ್ಯಾಮೆಟ್ ಕೊಲೆಯನ್ನು ಒಗಟಿನಿಂದ ಬಿಡಿಸಿದ ಎಂಬುದಕ್ಕೇ ಅವನನ್ನು ಹೊಗಳಿದ್ದು. ಕೊನೆಯ ಪುಟದಲ್ಲಿ ಮಾತ್ರ ಭಾವುಕನಾಗಿ, ಕೊಳಕು ಬೀದಿಯಲ್ಲಿ ನಡೆಯುವ ನಿಷ್ಕಳಂಕ ವೀರನ ಚಿತ್ರ ಬರೆದ. ಜನ ಆ ಕೊನೆಯ ಪುಟವನ್ನಷ್ಟೇ ನೆನಪಿಟ್ಟುಕೊಂಡರು. ಮಳೆಯಲ್ಲಿ ನಿಂತ ಟೋಪಿಯವನು ಅಲ್ಲಿಂದ ಬಂದವನು.

ಹ್ಯಾಮೆಟ್ ಆ ವೀರನ ಹಾಗೆ ಬದುಕಲಿಲ್ಲ, ಅಂಥ ಭಾಷಣವನ್ನೂ ಮಾಡಲಿಲ್ಲ. 1951ರಲ್ಲಿ, ಅವನು ಟ್ರಸ್ಟಿಯಾಗಿದ್ದ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳು ಎಂದು ಕೋರ್ಟು ಕೇಳಿತು. ದುಡ್ಡು ಕೊಟ್ಟವರಾರು ಎಂಬ ಪ್ರಶ್ನೆಯನ್ನು ಬದುಕಿಡೀ ಶ್ರೀಮಂತರಿಗೆ ಕೇಳಿದವನು, ಸರ್ಕಾರ ಅದೇ ಪ್ರಶ್ನೆಯನ್ನು ತನಗೆ ಕೇಳಿದಾಗ ಬಾಯಿ ಬಿಡಲಿಲ್ಲ. ಕ್ಷಯದಿಂದ ಹಾಳಾದ ಶ್ವಾಸಕೋಶ ಹೊತ್ತುಕೊಂಡು ಐದು ತಿಂಗಳು ಜೈಲಿನಲ್ಲಿದ್ದ. 1953ರಲ್ಲಿ ಸೆನೆಟರ್ ಮೆಕಾರ್ಥಿಯ ಸಮಿತಿ ಅವನನ್ನು ಮತ್ತೆ ಕರೆಸಿತು. ವಿದೇಶಗಳಲ್ಲಿದ್ದ ಅಮೆರಿಕದ ಸರ್ಕಾರಿ ಗ್ರಂಥಾಲಯಗಳಲ್ಲಿ ಈತನ ಪುಸ್ತಕಗಳು ಯಾಕಿವೆ ಎಂಬುದು ವಿಚಾರ. ಈ ಪುಸ್ತಕಗಳು ಬರೀ ಮೂಡ್ ಎಂದು ಮೆಕಾರ್ಥಿ ನಂಬಿರಲಿಲ್ಲ ಎಂಬುದನ್ನು ನಮ್ಮ ನುವಾರ್ ಪ್ರಿಯರು ಗಮನಿಸಬೇಕು. ಕಮ್ಯುನಿಸಂ ವಿರುದ್ಧ ಹೋರಾಡುವ ಜಾಗದಲ್ಲಿ ನೀವಿದ್ದಿದ್ದರೆ ಇಂಥ ಪುಸ್ತಕಗಳನ್ನು ಕೊಳ್ಳುತ್ತಿದ್ದಿರಾ ಎಂದು ಸೆನೆಟರ್ ಕೇಳಿದ. ಹಾಗಿದ್ದಿದ್ದರೆ ಜನರ ಕೈಗೆ ಯಾವ ಪುಸ್ತಕವನ್ನೂ ಕೊಡುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟು ಹ್ಯಾಮೆಟ್ ಸುಮ್ಮನಾದ.